ಎಲ್ಲಿಂದ ಅನ್ನಬೇಡಿ, ಯಾವಾಗ ಅಂತ ಹೇಳಿ

ಬಾನೆಟ್ ಒಳಗೆ ಸಪ್ಪಳ ಬರುತ್ತದೆ ಎಂದು ಗ್ಯಾರೇಜಿಗೆ ಬರುವ ಎಷ್ಟೋ ಗಾಡಿಗಳ ಸಪ್ಪಳ ಬಾನೆಟ್ ಒಳಗೆ ಹುಟ್ಟಿರುವುದೇ ಇಲ್ಲ. ಗಾಲಿಯ ಬೇರಿಂಗ್ ಇರುತ್ತದೆ, ಎಕ್ಸೆಲ್ ಜಾಯಿಂಟ್ ಇರುತ್ತದೆ, ಒಮ್ಮೊಮ್ಮೆ ಟೈರಿನ ಸಂದಿಯಲ್ಲಿ ಸಿಕ್ಕ ಜಲ್ಲಿಕಲ್ಲು ಇರುತ್ತದೆ. ಗಾಡಿಯವರು ಮಾತ್ರ ಅಷ್ಟೊತ್ತಿಗೆ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. “ಟೈಮಿಂಗ್ ಚೈನ್ ಹೋಗೇತ್ರಿ, ಹೊಸಾದು ಹಾಕಿಬಿಡ್ರಿ.” ಸಾಮಾನು ಕೊಂಡು ಡಿಕ್ಕಿಯಲ್ಲಿ ಇಟ್ಟುಕೊಂಡೇ ಬರುವವರೂ ಇದ್ದಾರೆ. ಯಾವಾಗ ಬರತೈತ್ರಿ ಸಪ್ಪಳ, ಎಂದು ನಾನು ಕೇಳುತ್ತೇನೆ. “ಯಾವಾಗ್ಲೂ ಬರತೈತ್ರಿ” ಎನ್ನುತ್ತಾರೆ. ಯಾವಾಗಲೂ ಬರುವ ಸಪ್ಪಳ ನನ್ನ ಅನುಭವದಲ್ಲಿ ಬಹಳ ಕಡಿಮೆ. ಪ್ರತಿ ಸಪ್ಪಳಕ್ಕೂ ಒಂದು ಹೊತ್ತು ಇರುತ್ತದೆ, ಅದನ್ನು ಯಾರೂ ಗಮನಿಸಿರುವುದಿಲ್ಲ, ಅಷ್ಟೇ.

ಎಲ್ಲಿಂದ ಬರುತ್ತದೆ ಎಂದು ಕಿವಿಯಿಂದ ಹೇಳುವುದು ಏಕೆ ಕಷ್ಟ ಎಂದರೆ, ಗಾಡಿಯ ಮುಂಭಾಗವೆಲ್ಲ ಒಂದಕ್ಕೊಂದು ಬೋಲ್ಟ್ ಹಾಕಿದ ಲೋಹ. ಗಾಳಿಯಲ್ಲಿ ಸಪ್ಪಳ ಸೆಕೆಂಡಿಗೆ ಸುಮಾರು 340 ಮೀಟರ್ ಓಡಿದರೆ ಉಕ್ಕಿನಲ್ಲಿ ಸುಮಾರು 5,000 ಮೀಟರ್ ಓಡುತ್ತದೆ, ಅದೂ ಹೆಚ್ಚು ಸೊರಗದೆ. ಎಡ ಗಾಲಿಯ ಬೇರಿಂಗ್ ಗುಂಯ್ ಎಂದರೆ ಅದು ಸಸ್ಪೆನ್ಷನ್ ಹಿಡಿದು ಬಾಡಿಗೆ ಹತ್ತಿ ಡ್ಯಾಶ್‌ಬೋರ್ಡಿನ ನಡುವೆ ಕೇಳಿಸುತ್ತದೆ. ದವಡೆ ಹಲ್ಲು ನೋವಾದಾಗ ಕಿವಿ ಹಿಡಿದುಕೊಂಡು ಕೂತಹಾಗೆ ಇದು. ಆದ್ದರಿಂದ “ಇಲ್ಲೇ, ಈ ಬಾಜೂಕೇ ಬರತೈತಿ” ಎಂದು ಬೆರಳು ಮಾಡಿ ತೋರಿಸಿದರೆ ನನಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ವಾಟ್ಸಾಪ್‌ನಲ್ಲಿ ಸಪ್ಪಳ ರೆಕಾರ್ಡ್ ಮಾಡಿ ಕಳಿಸುವವರಿಗೂ ಇದನ್ನೇ ಹೇಳುತ್ತೇನೆ. ಫೋನಿನ ಮೈಕು ಮಾತು ಹಿಡಿಯಲು ಮಾಡಿದ್ದು, ತಗ್ಗಿನ ಗುಂಯ್ ಶಬ್ದ ಅದರಲ್ಲಿ ಅರ್ಧ ಮಾಯವಾಗಿರುತ್ತದೆ. ರೆಕಾರ್ಡಿಂಗ್ ಜೊತೆಗೆ ಗಾಡಿ ಆಗ ಏನು ಮಾಡುತ್ತಿತ್ತು ಎಂದು ಎರಡು ಸಾಲು ಬರೆದು ಕಳಿಸಿದರೆ ಆ ಎರಡು ಸಾಲೇ ನನಗೆ ಹೆಚ್ಚು ಕೆಲಸಕ್ಕೆ ಬರುತ್ತವೆ.

ನೀವು ಮನೆಯಲ್ಲೇ ಪತ್ತೆ ಮಾಡಬಹುದಾದ, ಪತ್ತೆ ಮಾಡಲೇಬೇಕಾದ ಸಂಗತಿ ಒಂದಿದೆ. ಸಪ್ಪಳ ಇಂಜಿನ್ನಿನ ಸುತ್ತಿನ ಜೊತೆ ಏರಿಳಿಯುತ್ತದೋ, ಗಾಲಿಯ ಓಟದ ಜೊತೆ ಏರಿಳಿಯುತ್ತದೋ? ಇದನ್ನು ಎಷ್ಟು ಸಲ ಹೇಳಿದರೂ ಜನ ಎರಡನ್ನೂ ಕಲಸುತ್ತಾರೆ. “ಸ್ಪೀಡ್ ಹೋದಾಗ ಜೋರಾಗತೈತ್ರಿ” ಎನ್ನುತ್ತಾರೆ. ಸ್ಪೀಡ್ ಹೋದಾಗ ಇಂಜಿನ್ನೂ ಜೋರಾಗಿ ತಿರುಗುತ್ತದೆ, ಗಾಲಿಯೂ ಜೋರಾಗಿ ತಿರುಗುತ್ತದೆ. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಎರಡನ್ನೂ ಬೇರ್ಪಡಿಸಬೇಕು.

ಗಾಡಿ ಸಪಾಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಮೆಲ್ಲಗೆ ರೇಸ್ ಕೊಡಿ. ಸಪ್ಪಳ ಬಂದು ರೇಸಿನ ಜೊತೆ ಏರಿದರೆ ಅದು ಇಂಜಿನ್ ಕಡೆಯದು. ಬರಲಿಲ್ಲವೆಂದರೆ ಕೂಡಲೇ ಗಾಲಿ ಎಂದು ಹೇಳಬೇಡಿ, ಇನ್ನೊಂದು ಪರೀಕ್ಷೆ ಇದೆ. ಸಂಚಾರ ಕಡಿಮೆ ಇರುವ ಹೊತ್ತಿನಲ್ಲಿ, ನಮ್ಮ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ವಿಮಾನ ನಿಲ್ದಾಣ ದಾಟಿದ ಮೇಲೋ ಗದಗ ರಸ್ತೆಯಲ್ಲೋ, 50 ಕಿಲೋಮೀಟರ್ ವೇಗದಲ್ಲಿ ಮೂರನೇ ಗೇರಿನಲ್ಲಿ ಸ್ವಲ್ಪ ದೂರ ಹೋಗಿ. ಅದೇ 50ರಲ್ಲಿ ನಾಲ್ಕನೇ ಗೇರಿಗೆ ಹಾಕಿ. ಗಾಲಿ ಮೊದಲಿನಷ್ಟೇ ತಿರುಗುತ್ತಿದೆ, ಇಂಜಿನ್ನಿನ ಸುತ್ತು ಮಾತ್ರ ಇಳಿದಿದೆ. ಸಪ್ಪಳವೂ ಇಳಿಯಿತೇ? ಹಾಗಿದ್ದರೆ ಇಂಜಿನ್ ಕಡೆ. ಮೊದಲಿನ ಹಾಗೇ ಇದೆಯೇ? ಗಾಲಿ, ಎಕ್ಸೆಲ್, ಟೈರು. ನೇರ ರಸ್ತೆಯಲ್ಲಿ ಎರಡು ಸೆಕೆಂಡ್ ಕ್ಲಚ್ ಒತ್ತಿ ನೋಡಿದರೂ ಇದೇ ಗೊತ್ತಾಗುತ್ತದೆ. ಆದರೆ ಓಡುವ ಗಾಡಿಯ ಇಂಜಿನ್ ಬಂದ್ ಮಾಡಿ ಪರೀಕ್ಷೆ ಮಾಡಬೇಡಿ. ಬ್ರೇಕ್ ಗಟ್ಟಿಯಾಗುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ. ಹಾಗೆ ಮಾಡುವವರನ್ನು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಟಕ್ ಟಕ್ ಎಂಬ ಸಪ್ಪಳವಾದರೆ ಎಣಿಸಲು ಪ್ರಯತ್ನಿಸಿ. ಸಣ್ಣ ಕಾರಿನ ಗಾಲಿ ಒಂದು ಸುತ್ತು ಬಂದರೆ ಸುಮಾರು 2 ಮೀಟರ್. 10 ಕಿಲೋಮೀಟರ್ ವೇಗದಲ್ಲಿ ಅದು ಮೂರು ಸೆಕೆಂಡಿಗೆ ನಾಲ್ಕು ಸಲ ಸುತ್ತುತ್ತದೆ. ಬಾಯಲ್ಲಿ ಎಣಿಸಬಹುದು. ಗಾಡಿ ನಿಂತಲ್ಲಿ ಇಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿದ್ದರೆ ಸೆಕೆಂಡಿಗೆ ಹದಿಮೂರು ಸುತ್ತು. ವಾಲ್ವ್ ಎತ್ತುವ ಕ್ಯಾಮ್ ಶಾಫ್ಟ್ ಅದರ ಅರ್ಧ ವೇಗದಲ್ಲಿ ತಿರುಗಿದರೂ ಆರೇಳು. ಬಾಯಲ್ಲಿ ಎಣಿಸಲು ಆಗುವುದಿಲ್ಲ. ನಿಧಾನ ಹೋಗುವಾಗ ಎಣಿಸಲು ಸಿಕ್ಕ ಸಪ್ಪಳ ಬಹುತೇಕ ಗಾಲಿಯದೇ. ಮೊದಲು ಟೈರಿನಲ್ಲಿ ಕಲ್ಲು ಸಿಕ್ಕಿದೆಯೇ ನೋಡಿ, ಆಮೇಲೆ ನನ್ನ ಹತ್ತಿರ ಬನ್ನಿ.

ಹಾವೇರಿ ಕಡೆಯ ಒಂದು ಕುಟುಂಬ ಬಂದಿತ್ತು. ಗುಂಯ್ ಎನ್ನುವ ಸಪ್ಪಳಕ್ಕೆ ಬೇರೊಂದು ಕಡೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬದಲಿಸಿದ್ದರು, ಸಪ್ಪಳ ಹೋಗಿರಲಿಲ್ಲ. ತಂದೆ ಈಗ ವಾಟರ್ ಪಂಪ್ ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತಿದ್ದ ಹೈಸ್ಕೂಲಿನ ಹುಡುಗಿ, “ಅಪ್ಪಾ, ಬಲಕ್ಕ ಹೊಳ್ಳಿದಾಗ ಜೋರಾಗತೈತಿ, ಎಡಕ್ಕ ಹೊಳ್ಳಿದ್ರ ಕಡಿಮಿ” ಅಂದಳು. ಯಾರೂ ಆ ಮಾತಿಗೆ ಕಿವಿಗೊಟ್ಟಿರಲಿಲ್ಲ. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡ ಗಾಲಿಗಳ ಮೇಲೆ ಬೀಳುತ್ತದೆ. ಎಡ ಮುಂದಿನ ಗಾಲಿಗೆ ಜಾಕ್ ಹಚ್ಚಿ, ಸ್ಪ್ರಿಂಗ್ ಮೇಲೆ ಬೆರಳಿಟ್ಟು ಗಾಲಿ ತಿರುಗಿಸಿದರೆ ಬೇರಿಂಗಿನ ಗರಗರ ಕೈಗೇ ಹತ್ತಿತು. ಎಲ್ಲ ಗಾಡಿಗಳಲ್ಲೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ, ತಿರುವಿನ ಪರೀಕ್ಷೆ ಒಂದನ್ನೇ ನಂಬಿ ನಾನು ಬೇರಿಂಗ್ ಬಿಚ್ಚುವುದೂ ಇಲ್ಲ. ಆದರೆ ಹುಡುಗಿ ಕೊಟ್ಟ ಸುಳಿವು ಆ ಕುಟುಂಬಕ್ಕೆ ಇನ್ನೊಂದು ದಂಡದ ಖರ್ಚು ಉಳಿಸಿತು.

ಹಾಗೆಯೇ ಧಾರವಾಡದ ನಿವೃತ್ತ ಗಣಿತ ಮಾಸ್ತರೊಬ್ಬರು. ಗಾಡಿಗಿಂತ ಮೊದಲು ಚೀಟಿ ಕೈಗಿಟ್ಟರು. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಬರುತ್ತದೆ. ನಿಂತಲ್ಲೂ ಬರುತ್ತದೆ, ರೇಸ್ ಕೊಟ್ಟರೆ ಜೋರು. ಬಿಸಿಯಾದ ಮೇಲೆ ಇಲ್ಲ. ಎಸಿ ಹಾಕಿದರೂ ತೆಗೆದರೂ ವ್ಯತ್ಯಾಸವಿಲ್ಲ. ವಾಲ್ವ್ ಒತ್ತುವ ಟ್ಯಾಪೆಟ್ ಎಂದು ಯಾರೋ ಹೇಳಿ ಇಂಜಿನ್ ಬಿಚ್ಚಿಸಲು ಹೊರಟಿದ್ದರಂತೆ. ಸೈಲೆನ್ಸರ್ ಪೈಪು ಇಂಜಿನ್ನಿಗೆ ಕೂಡುವ ಮ್ಯಾನಿಫೋಲ್ಡ್ ಹತ್ತಿರ ಟಾರ್ಚ್ ಹಿಡಿದು ನೋಡಿದರೆ ಜೋಡಿನಲ್ಲಿ ಕಪ್ಪು ಮಸಿಯ ಗೆರೆ. ಗ್ಯಾಸ್ಕೆಟ್ ಸಂದಿಯಿಂದ ಹೊಗೆ ಟಿಕ್ ಟಿಕ್ ಎಂದು ಹೊರಬರುತ್ತಿತ್ತು. ಲೋಹ ಕಾದು ಹಿಗ್ಗಿದಾಗ ಸಂದಿ ಮುಚ್ಚಿ ಸಪ್ಪಳ ನಿಲ್ಲುತ್ತಿತ್ತು. ಅಂಥ ಚೀಟಿ ತರುವವರು ಬಂದರೆ ನನಗೆ ಆ ದಿನ ಕೆಲಸ ಮಾಡಲು ಹುಮ್ಮಸ್ಸು ಬರುತ್ತದೆ.

ಇಂಜಿನ್ ಕಡೆ ಎಂದು ಖಚಿತವಾದ ಮೇಲೂ ಮೊದಲು ನೋಡುವುದು ಡೈನಮೋ, ಎಸಿ ಓಡಿಸುವ ಹೊರಗಿನ ಬೆಲ್ಟನ್ನು. ಜೂನ್ ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗ ಬೆಳಗಿನ ಕಿರ್ರ್ ಸಪ್ಪಳದ ಗಾಡಿಗಳು ಸಾಲುಗಟ್ಟುತ್ತವೆ. ಇಂಜಿನ್ ಚಾಲೂ ಇರುವಾಗ, ಕೈ ದೂರವಿಟ್ಟು, ಬೆಲ್ಟಿನ ಹಲ್ಲುಗಳಿರುವ ಬದಿಗೆ ಸ್ವಲ್ಪ ನೀರು ಸ್ಪ್ರೇ ಮಾಡುತ್ತೇವೆ. ಸಪ್ಪಳ ಗಳಿಗೆ ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂಬ ಅನುಮಾನ. ನೀರು ಬಿದ್ದ ಕೂಡಲೇ ಇನ್ನೂ ಜೋರಾದರೆ ಬೆಲ್ಟ್ ಸಡಿಲಾಗಿ ಜಾರುತ್ತಿದೆ, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ನೋಡಬೇಕು. ಗರಗರ ಶಬ್ದವಾದರೆ ಬೆಲ್ಟನ್ನೇ ಬಿಚ್ಚಿ ಅರ್ಧ ನಿಮಿಷ ಇಂಜಿನ್ ಓಡಿಸಿ ನೋಡುತ್ತೇವೆ. ಸಪ್ಪಳ ನಿಂತರೆ ಡೈನಮೋ, ಐಡ್ಲರ್ ಪುಲ್ಲಿ, ಎಸಿ ಕಂಪ್ರೆಸರ್, ಇವುಗಳಲ್ಲಿ ಒಂದರ ಬೇರಿಂಗ್. ನಮ್ಮ ಎರೆನೆಲದ ದೂಳು ಈ ಬೇರಿಂಗುಗಳನ್ನು ಬೇಗ ತಿನ್ನುತ್ತದೆ. ಬೆಲ್ಟ್ ಬಿಚ್ಚಿ ಓಡಿಸುವ ಈ ಪರೀಕ್ಷೆ ಮನೆಯಲ್ಲಿ ಮಾಡಬೇಡಿ. ಅದೇ ಬೆಲ್ಟಿನಿಂದ ವಾಟರ್ ಪಂಪ್ ಓಡುವ ಗಾಡಿಯಾದರೆ ಹೆಚ್ಚು ಹೊತ್ತು ಬಿಟ್ಟಲ್ಲಿ ಇಂಜಿನ್ ವಿಪರೀತ ಬಿಸಿಯಾಗುತ್ತದೆ.

ದಯವಿಟ್ಟು ಬೆಲ್ಟಿಗೆ ಕೊಬ್ಬರಿ ಎಣ್ಣೆ, ಗ್ರೀಸ್, ಸಾಬೂನು ಹಚ್ಚಬೇಡಿ. ಒಂದು ದಿನ ಸುಮ್ಮನಾಗುತ್ತದೆ, ಆಮೇಲೆ ಜಾರುತ್ತದೆ, ಬೆಲ್ಟೂ ಹಾಳು. ಬಿರುಕು ಬಿಟ್ಟಿಲ್ಲವಲ್ಲ ಎಂದು ವಾದಿಸುವವರಿಗೆ ಹೇಳುವುದೇನೆಂದರೆ, ಹಳೆಯ ನಿಯೋಪ್ರೀನ್ ಬೆಲ್ಟುಗಳು ಬಿರುಕು ಬಿಡುತ್ತಿದ್ದವು. ಈಗಿನ ಇಪಿಡಿಎಂ ರಬ್ಬರಿನವು ಬಿರುಕು ತೋರಿಸದೆ ಟೈರಿನಂತೆ ಸವೆಯುತ್ತವೆ. ಬೆಲ್ಟಿನ ಹಲ್ಲುಗಳ ಆಳ ನೋಡಿಯೇ ಹೇಳಬೇಕು.

ಅಣ್ಣಿಗೇರಿ ಕಡೆಯ ಶೇಂಗಾ ವ್ಯಾಪಾರಿಯೊಬ್ಬರ ಗಾಡಿಯದು ಬೇರೆಯೇ ಕಥೆ. ಇಂಜಿನ್ ಸಪ್ಪಳ ಎಂದೇ ಬಂದದ್ದು. ಇಂಜಿನ್ ಬಂದ್ ಮಾಡಿ, ಚಾವಿ ಆನ್ ಇಟ್ಟು, ಎಸಿಯ ಬ್ಲೋವರ್ ಮಾತ್ರ ಹಾಕಿದಾಗಲೂ ಖಟಖಟ ಬಂತು. ಬ್ಲೋವರ್ ಬಿಚ್ಚಿದರೆ ಒಳಗೆ ಇಲಿ ಕೂಡಿಟ್ಟ ಶೇಂಗಾ. ಅವರು ಕೈಯಲ್ಲಿ ಹಿಡಿದು ನೋಡಿ “ನಮ್ಮ ಗೋದಾಮಿಂದೇ ಮಾಲು” ಎಂದು ಮನಸಾರೆ ನಕ್ಕರು. ವೈರು ಕಡಿದಿಲ್ಲವೇ ಎಂದು ಎಲ್ಲ ಕಡೆ ನೋಡಿಯೇ ಗಾಡಿ ಕಳಿಸಿದೆವು. ಇಲಿ ಹೊಕ್ಕ ಗಾಡಿಯಲ್ಲಿ ಸಪ್ಪಳಕ್ಕಿಂತ ವೈರಿನ ಚಿಂತೆ ದೊಡ್ಡದು.

ಉದ್ದನೆಯ ಸ್ಕ್ರೂ ಡ್ರೈವರ್ ತುದಿಯನ್ನು ಡೈನಮೋ ಕೇಸಿಗೆ ಮುಟ್ಟಿಸಿ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಮಿಸ್ತ್ರಿಗಳು ಕೇಳುವುದನ್ನು ನೀವು ನೋಡಿರುತ್ತೀರಿ. ಒಳ್ಳೆಯ ಉಪಾಯವೇ. ಆದರೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಚಾಲೂ ಇಂಜಿನ್ ಮೇಲೆ ಬಾಗುವ ಹಿರಿಯರನ್ನು ಕಂಡರೆ ನನ್ನ ಎದೆ ಝಲ್ ಎನ್ನುತ್ತದೆ. ಟವೆಲ್, ಸೆರಗು, ಜಡೆ, ಯಾವುದೂ ಬೆಲ್ಟಿನ ಹತ್ತಿರ ಬರಬಾರದು. ರೇಡಿಯೇಟರ್ ಫ್ಯಾನ್ ಇಂಜಿನ್ ಬಂದ್ ಆದ ಮೇಲೂ ತಾನಾಗಿ ತಿರುಗಬಹುದು. ಕಾಕಾ, ನೀವು ಹಿಂದೆ ಸರೀರಿ, ನಾ ಕೇಳ್ತೀನಿ ಎಂದರೆ ಬೇಜಾರು ಮಾಡಿಕೊಳ್ಳಬೇಡಿ.

ಒಂದು ಸಪ್ಪಳಕ್ಕೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಇಂಜಿನ್ ಆಳದಿಂದ ಗಡಸಾದ ಖಟ್ ಖಟ್ ಬಂದು, ಎತ್ತರ ಏರುವಾಗ ಹೆಚ್ಚಾಗಿ, ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಕ್ಯಾನಿನ ಚಿತ್ರದ ಕೆಂಪು ದೀಪ ಹತ್ತಿದರೆ ಅಲ್ಲೇ ಬದಿಗೆ ನಿಲ್ಲಿಸಿ ಬಂದ್ ಮಾಡಿ. ಗ್ಯಾರೇಜ್ ತನಕ ಮೆಲ್ಲಗೆ ತರುತ್ತೇನೆ ಎನ್ನಬೇಡಿ, ಎಳೆಸಿಕೊಂಡು ಬನ್ನಿ. ಆಯಿಲ್ ಒತ್ತಡವಿಲ್ಲದೆ ಓಡಿದ ಕೆಲವು ಕಿಲೋಮೀಟರ್ ಸಾಕು, ಬೇರಿಂಗಿನ ಖರ್ಚು ಇಡೀ ಇಂಜಿನ್ನಿನ ಖರ್ಚಾಗಲು.

ಕೊನೆಯದಾಗಿ ಒಂದು ಕೋರಿಕೆ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಬರುವ ಸಪ್ಪಳವಾದರೆ ಗದಗದಿಂದ ಗಾಡಿ ಓಡಿಸಿಕೊಂಡು ಹನ್ನೊಂದಕ್ಕೆ ಹುಬ್ಬಳ್ಳಿಗೆ ಬಂದು “ಈಗ ಬರವಲ್ದು ನೋಡ್ರಿ” ಎಂದರೆ ನಾನೇನೂ ಮಾಡಲಾರೆ. ಹಿಂದಿನ ಸಂಜೆಯೇ ತಂದು ಬಿಟ್ಟು ಬಸ್ಸಿಗೆ ಹೋಗಿ. ಬೆಳಿಗ್ಗೆ ಮೊದಲ ಸೆಲ್ಫ್ ಹೊಡೆಯುವ ಹೊತ್ತಿಗೆ ನೀವೂ ಬಂದು ಪಕ್ಕದಲ್ಲಿ ನಿಂತರೆ ಇನ್ನೂ ಒಳ್ಳೆಯದು. ಇಂಜಿನ್ನಿನಲ್ಲಿ ಸಹಜವಾದ ಟಿಕ್ ಟಿಕ್‌ಗಳೂ ಇರುತ್ತವೆ, ಅವುಗಳ ನಡುವೆ ನಿಮ್ಮನ್ನು ಕಾಡಿದ್ದು ಇದೇ ಎಂದು ಗುರುತು ಹಿಡಿದು ಹೇಳಬೇಕಾದವರು ನೀವೇ.