ಕಿಲುಬು: ತಾಮ್ರಕ್ಕೆ ತುಕ್ಕು ಹಿಡಿಯುವುದಿಲ್ಲ

ಕಳೆದ ವಾರ ಅಂಕೋಲೆಯ ಹುಡುಗನೊಬ್ಬ ಅಟ್ಟದ ಮೇಲೆ ಸಿಕ್ಕ ಹಳೇ ವಿಡಿಯೋ ಗೇಮ್ ಹಿಡಿದುಕೊಂಡು ಕಾರವಾರದ ನಮ್ಮ ಮನೆಗೆ ಬಂದಿದ್ದ. ಜೊತೆಗೆ ನಾಲ್ಕು ಹಳದಿ ಕ್ಯಾಸೆಟ್. "ಅಣ್ಣಾ, ಪಿನ್ನಿಗೆಲ್ಲ ತುಕ್ಕು ಹಿಡಿದಿತ್ತು. ಒಂದಕ್ಕೆ ಸ್ಯಾಂಡ್ ಪೇಪರ್ ಹಾಕಿ ಚೆನ್ನಾಗಿ ತಿಕ್ಕಿದೆ. ಆದ್ರೂ ಚಿತ್ರ ಬರ್ತಾ ಇಲ್ಲ" ಅಂದ. ಬಿಚ್ಚಿ ನೋಡಿದೆ. ಒಂದು ಬದಿಯ 30 ಪಿನ್ನುಗಳಲ್ಲಿ ಮೂರರ ತಾಮ್ರವೇ ಹೋಗಿತ್ತು. ಕೆಳಗಿನ ಬರೀ ಸರ್ಕ್ಯೂಟ್ ಬೋರ್ಡು ಕಾಣುತ್ತಿತ್ತು. ಉಳಿದ ಪಿನ್ನುಗಳ ಬುಡದಲ್ಲಿ, ಸ್ಯಾಂಡ್ ಪೇಪರ್ ತಲುಪದ ಸಂದಿಯಲ್ಲಿ, ಹಸಿರು ಪುಡಿ ಹಾಗೇ ಕೂತಿತ್ತು.

ಹಸಿರು ಪುಡಿ. ತುಕ್ಕು ಎಲ್ಲಾದರೂ ಹಸಿರಾಗಿರುತ್ತದೆಯೇ?

ಅದರ ಹೆಸರು ಕಿಲುಬು. ಹುಡುಗನ ತಪ್ಪಲ್ಲ. ರಿಪೇರಿ ವಿಡಿಯೋ ಮಾಡುವವರು, ಮೊಬೈಲ್ ಅಂಗಡಿಯವರು, ಹಳೇ ಕಂಪ್ಯೂಟರ್ ಮಾರುವವರು ಎಲ್ಲರೂ ಈಗ ಬೋರ್ಡಿನ ಮೇಲೆ ಏನೇ ಕಂಡರೂ "ತುಕ್ಕು" ಅಂತಲೇ ಹೇಳುತ್ತಾರೆ. ತುಕ್ಕು ಹಿಡಿಯುವುದು ಕಬ್ಬಿಣಕ್ಕೆ ಮಾತ್ರ. ಉಕ್ಕೂ ಕಬ್ಬಿಣವೇ. ನಮ್ಮ ಟಾಗೋರ್ ಕಡಲತೀರದಲ್ಲಿ ನಿಂತಿರುವ ಚಪಲ್ ಯುದ್ಧನೌಕೆಯ ಮೈ ಉಕ್ಕಿನದು, ಅದಕ್ಕೆ ಹಿಡಿಯುವುದು ತುಕ್ಕು. ಆಯಿ ಬಚ್ಚಲಮನೆಯ ತಾಮ್ರದ ಹಂಡೆಯಿಂದ ತಿಕ್ಕಿ ತೆಗೆಯುತ್ತಿದ್ದುದು ಕಿಲುಬು. ಆಕೆ ಒಂದು ದಿನವೂ ಹಂಡೆಗೆ ತುಕ್ಕು ಹಿಡಿದಿದೆ ಅಂದವಳಲ್ಲ.

ಕಿಲುಬು ತೀರಾ ಹಳೆಯ ಪದ, ಸಂಸ್ಕೃತದಿಂದ ಬಂದದ್ದೂ ಅಲ್ಲ. ಅಕ್ಕಪಕ್ಕದ ಭಾಷೆಗಳಲ್ಲೆಲ್ಲ ಅದರ ಒಡಹುಟ್ಟುಗಳಿವೆ. ತಮಿಳಿನಲ್ಲಿ ಕಳಿಂಬು, ಮಲಯಾಳದಲ್ಲಿ ಕ್ಲಾವು, ತೆಲುಗಿನಲ್ಲಿ ಚಿಲುಮು. ತೆಲುಗಿನದು ನೋಡಲು ದೂರದ್ದು ಅನ್ನಿಸಬಹುದು. ಆದರೆ ನಮ್ಮ ಕಿವಿ ಅವರಲ್ಲಿ ಚೆವಿ, ನಮ್ಮ ಕೆರೆ ಅವರಲ್ಲಿ ಚೆರುವು. ಇ, ಎ ಸ್ವರಗಳ ಮುಂದೆ ನಮ್ಮ ಕಕಾರ ಅಲ್ಲಿ ಚಕಾರವಾಗುತ್ತದೆ. ಕಿಲುಬು ಚಿಲುಮು ಆಗಿದ್ದೂ ಇದೇ ದಾರಿಯಲ್ಲಿ. ತಾಮ್ರ, ಹಿತ್ತಾಳೆ, ಕಂಚು ಬಳಸುತ್ತಿದ್ದ ಜನಕ್ಕೆ ಈ ಹಸಿರು ಪುಡಿ ಕಬ್ಬಿಣದ ಕೆಂಪು ಪುಡಿಗಿಂತ ಬೇರೆ ಅಂತ ಗೊತ್ತಿತ್ತು. ಅದಕ್ಕೇ ಬೇರೆ ಹೆಸರಿಟ್ಟರು. ಬೆಲೆ ಇಲ್ಲದ್ದಕ್ಕೆ ಕಿಲುಬು ಕಾಸು ಅನ್ನುವುದೂ ಇಲ್ಲಿಂದಲೇ. ಕಾಸು ತಾಮ್ರದ್ದಲ್ವಾ, ಅದಕ್ಕೆ ಹಿಡಿಯುವುದು ಕಿಲುಬೇ.

ಬಣ್ಣದ ಗುರುತು ಬೇಕಿದ್ದರೆ ಶಿರಸಿ ಕಡೆಯವರು ಮೈಲುತುತ್ತ ನೆನಪಿಸಿಕೊಳ್ಳಿ. ಕೊಳೆರೋಗಕ್ಕೆ ಅಡಿಕೆ ಮರದ ಮೇಲೆ ಹೊಡೆಯುವ ಬೋರ್ಡೋ ಮದ್ದಿಗೆ ಸುಣ್ಣದ ಜೊತೆ ಹಾಕುತ್ತೀರಲ್ಲ, ಅದೇ. ಮೈಲು ಅಂದರೆ ನವಿಲು. ಅದೂ ತಾಮ್ರದ ಲವಣವೇ. ಬೋರ್ಡಿನ ಮೇಲೆ ಆ ನವಿಲಿನ ಬಣ್ಣದ ಛಾಯೆ ಕಂಡರೆ ಕೆಳಗೆ ತಾಮ್ರ ಕರಗುತ್ತಿದೆ ಎಂದೇ ಅರ್ಥ.

ಇಷ್ಟು ಹಠ ಮಾಡುವುದಕ್ಕೆ ಕಾರಣವಿದೆ. ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ. ತುಕ್ಕು ಅಂದ ಕೂಡಲೇ ಕೈ ಸ್ಯಾಂಡ್ ಪೇಪರಿಗೆ ಹೋಗುತ್ತದೆ. ಕತ್ತಿಗೆ, ಗೇಟಿಗೆ ಅದು ಸರಿ, ತಿಕ್ಕಿ ಬಣ್ಣ ಹೊಡೆದರಾಯಿತು. ಸಾಮಾನ್ಯ ಬೋರ್ಡಿನ ಮೇಲಿನ ತಾಮ್ರದ ಗೆರೆ ಎಷ್ಟು ದಪ್ಪ ಗೊತ್ತಾ? ಸುಮಾರು 35 ಮೈಕ್ರಾನ್. ತಲೆಕೂದಲಿನ ಅರ್ಧದಷ್ಟು. ಪಿನ್ನಿನ ಮೇಲೆ ಚಿನ್ನದ ಲೇಪ ಇದ್ದರೆ ಅದು ಇನ್ನೂ ಎಷ್ಟೋ ತೆಳು. ನಾಲ್ಕು ಸಲ ಜೋರಾಗಿ ಎಳೆದರೆ ಲೇಪ ಹೋಗುತ್ತದೆ, ಇನ್ನೂ ತಿಕ್ಕಿದರೆ ಗೆರೆಯೇ ಹೋಗುತ್ತದೆ.

ಕರಾವಳಿಯಲ್ಲಿ ಇನ್ನೊಂದು ಕಾಟ. ಕಡಲ ಗಾಳಿ ಉಪ್ಪನ್ನು ಹೊತ್ತು ತಂದು ಎಲ್ಲದರ ಮೇಲೂ ಕೂರಿಸುತ್ತದೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಕುಡಿದು ಒದ್ದೆಯಾಗುತ್ತದೆ. ಮಳೆಗಾಲದಲ್ಲಿ ನಮ್ಮ ಉಪ್ಪಿನ ಭರಣಿ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಅದೇ ಒದ್ದೆ ಬೋರ್ಡಿನ ಮೇಲೂ ಇರುತ್ತದೆ. ಉಪ್ಪಿನೊಳಗಿನ ಕ್ಲೋರೈಡ್ ತಾಮ್ರದ ಜೊತೆ ಸೇರುತ್ತದೆ. ಆ ತಾಮ್ರದ ಕ್ಲೋರೈಡಿಗೆ ತೇವ, ಗಾಳಿ ತಾಗಿದರೆ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ, ಅದು ಮತ್ತೆ ತಾಮ್ರವನ್ನು ತಿನ್ನುತ್ತದೆ. ಹಾಗಾಗಿ ಮೇಲಿನ ಹಸಿರು ಒರೆಸಿಬಿಟ್ಟರೆ ಕೆಲಸ ಮುಗಿಯಲಿಲ್ಲ. ಕ್ಲೋರೈಡ್ ಹೋಗಬೇಕು.

ಇಲ್ಲೇ ಎರಡನೇ ತಪ್ಪು ಆಗುವುದು. ಎಲ್ಲರೂ ನೇರವಾಗಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುತ್ತಾರೆ. ಉಪ್ಪು ಅದರಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಉಪ್ಪು ಕರಗುವುದು ನೀರಿನಲ್ಲಿ. ಕಿಲುಬಿದ್ದ ಕಡೆ ಹತ್ತಿಯಲ್ಲಿ ಸ್ವಲ್ಪ ಬಿಳಿ ವಿನೆಗರ್ ಹಚ್ಚಿ, ಮೆತ್ತಗೆ ತಿಕ್ಕಿ. ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆಯಿರಿ. ಕೊನೆಗೆ ಆಲ್ಕೋಹಾಲ್, ನೀರು ಬೇಗ ಆರಲಿ ಅಂತ. ಹಂಡೆಗೆ ಹಚ್ಚುವ ಹುಣಸೆಹುಳಿಯೂ ಹುಳಿಯೇ ಅಲ್ವಾ ಅಂತ ಕೇಳುತ್ತಾರೆ. ಹೌದು, ಕಿಲುಬು ಕರಗಿಸುವುದು ಹುಳಿಯೇ. ಆದರೆ ಹಂಡೆಗೆ ಹುಣಸೆಯ ಜೊತೆ ಉಪ್ಪೂ ಹಾಕುತ್ತೇವೆ. ಬೋರ್ಡಿಗೆ ಮಾತ್ರ ಉಪ್ಪು ತಾಗಿಸಬೇಡಿ.

ತೊಳೆದ ಮೇಲೆ ಬರಿಯಾದ ಗೆರೆಗೆ ಸಾಲ್ಡರ್, ಅಂದರೆ ಬೆಸುಗೆಯ ತವರ, ಬಳಿಯುವುದಕ್ಕೆ ಟಿನ್ನಿಂಗ್ ಅನ್ನುತ್ತಾರೆ. ಅದಕ್ಕೂ ನಮ್ಮಲ್ಲಿ ಪದ ಇದೆ, ಕಲಾಯಿ. ಕಲಾಯಿ ಹೋದ ಪಾತ್ರೆಯಲ್ಲಿ ಮಜ್ಜಿಗೆ ಇಡಬೇಡ ಅನ್ನುತ್ತಿದ್ದುದು ಕಿಲುಬಿನ ಭಯಕ್ಕೇ. ತಾಮ್ರದ ಮೇಲೆ ತವರದ ತೆಳು ಪದರ, ಎರಡು ಕಡೆಯೂ ಕೆಲಸ ಒಂದೇ. ಆದರೆ ಪಾತ್ರೆಗೆ ಬಳಸುವ ನವಸಾಗರ ಬೋರ್ಡಿಗೆ ಬೇಡ, ಅದೂ ಕ್ಲೋರೈಡೇ. ಬೆಸುಗೆ ಹಿಡಿಯಲಿ ಅಂತ ಹಚ್ಚುವ ರಾಳದ ಫ್ಲಕ್ಸ್ ಸಾಕು.

ಒಂದೇ ಪೆಟ್ಟಿಗೆಯಲ್ಲಿ ಎರಡೂ ಇರಬಹುದು. ಆ ಹುಡುಗನ ವಿಡಿಯೋ ಗೇಮಿನ ಸ್ಕ್ರೂಗಳಿಗೆ ಹಿಡಿದಿದ್ದು ನಿಜವಾದ ತುಕ್ಕು. ಸ್ಕ್ರೂ ಎಸೆದು ಹೊಸದು ಹಾಕಿದರೆ ಮುಗಿಯಿತು. 386, 486 ಚಿಪ್ಪುಗಳ ಕಾಲದ ಹಳೇ ಕಂಪ್ಯೂಟರ್ ಮದರ್‌ಬೋರ್ಡುಗಳಲ್ಲಿ ಮೂರನೆಯದೂ ಇದೆ. ಗಡಿಯಾರಕ್ಕಾಗಿ ಬೆಸೆದಿದ್ದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲೂ ಬೆಳ್ಳಗೆ ಹರಳುಗಟ್ಟಿರುತ್ತದೆ. ಆ ಬಿಳಿ ಪುಡಿ ತುಕ್ಕೂ ಅಲ್ಲ, ಕಿಲುಬೂ ಅಲ್ಲ, ಬ್ಯಾಟರಿಯ ಕ್ಷಾರ. ವಿನೆಗರ್ ಬಿದ್ದರೆ ನೊರೆ ಏಳುತ್ತದೆ. ಅದು ಹರಿದ ದಾರಿಯಲ್ಲಿ ತಾಮ್ರ ಹಸಿರಾಗಿದ್ದರೆ ಆ ಹಸಿರು ಕಿಲುಬು.

ಹುಡುಗನ ಕ್ಯಾಸೆಟ್ಟಿಗೆ ತಾಮ್ರದ ಟೇಪನ್ನು ಬ್ಲೇಡಿನಲ್ಲಿ ಸಣ್ಣಗೆ ಸೀಳಿ, ಹೋದ ಮೂರು ಪಿನ್ನಿನ ಜಾಗದಲ್ಲಿ ಅಂಟಿಸಿ, ಹಿಂದಿನ ಗೆರೆಗೆ ಬೆಸೆದೆ. ಎರಡು ತಾಸು ಹಿಡಿಯಿತು. ಚಿತ್ರ ಬಂತು. ಉಳಿದ ಮೂರು ಕ್ಯಾಸೆಟ್ಟುಗಳನ್ನು ಅವನೇ ವಿನೆಗರ್, ನೀರು, ಆಲ್ಕೋಹಾಲ್ ಅಂತ ಒಂದೊಂದಾಗಿ ತೊಳೆದ. ಹೋಗುವಾಗ ಬಾಗಿಲಲ್ಲಿ ನಿಂತು, "ಮನೆಯಲ್ಲಿ ಇನ್ನೂ ಎರಡಿವೆ ಅಣ್ಣಾ, ಅದಕ್ಕೂ ಕಿಲುಬು ಹಿಡಿದಿದೆ" ಅಂದ.