ನೂರು ಆಂಪಿಯರ್-ಅವರ್ ಎಂದು ಬರೆದ ಬ್ಯಾಟರಿ ಕಾರಿನಲ್ಲಿ ಅರ್ಧಕ್ಕೇ ಏಕೆ ಸೋಲುತ್ತದೆ?

ಪ್ರಶ್ನೆ: ಹಳೆಯ ಪೆಟ್ರೋಲ್ ಕಾರೊಂದರ ಎಂಜಿನ್ ಇಳಿಸಿ ವಿದ್ಯುತ್ ಮೋಟಾರ್ ಕೂರಿಸಿದ್ದೇನೆ. 12 ವೋಲ್ಟ್, 100 ಆಂಪಿಯರ್-ಅವರ್‌ನ ಎಂಟು ಲೆಡ್-ಆಸಿಡ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ್ದೇನೆ. ಒಟ್ಟು 96 ವೋಲ್ಟ್, ಅಂದರೆ 9.6 ಕಿಲೋವ್ಯಾಟ್-ಅವರ್. ಕಾರು ಕಿಲೋಮೀಟರಿಗೆ ಸುಮಾರು 130 ವ್ಯಾಟ್-ಅವರ್ ಬಳಸುತ್ತದೆ. ಈ ಲೆಕ್ಕದಲ್ಲಿ 70 ಕಿ.ಮೀ. ದಾಟಬೇಕಿತ್ತು. 40 ಕಿ.ಮೀ. ಆಗುವಷ್ಟರಲ್ಲೇ ಕಾರು ಸೋತು ನಿಲ್ಲುತ್ತದೆ. ನನಗೆ ಸಿಕ್ಕಿದ್ದು ಕೆಟ್ಟ ಬ್ಯಾಟರಿಗಳೇ?

ಉತ್ತರ: ಬ್ಯಾಟರಿಗಳು ಬಹುಮಟ್ಟಿಗೆ ಚೆನ್ನಾಗಿಯೇ ಇವೆ. ಇದುವರೆಗೆ ಅವುಗಳಿಗೆ ಹಾನಿಯಾಗಿರದಿದ್ದರೆ ಮುಂದೆಯೂ ಆಗದಂತೆ ನೋಡಿಕೊಳ್ಳಬಹುದು. ಗುಣಾಕಾರದಲ್ಲೂ ತಪ್ಪಿಲ್ಲ. ಆದರೆ ಲೇಬಲ್ಲಿನಿಂದ ಎತ್ತಿಕೊಂಡ ಆ 100 ಎಂಬ ಸಂಖ್ಯೆ ಕಾರು ಓಡಿಸುವ ಕೆಲಸಕ್ಕೆ ಅಳೆದದ್ದಲ್ಲ. ಸಾಮಾನ್ಯವಾಗಿ ಅದನ್ನು 20 ಗಂಟೆಗಳ ದರದಲ್ಲಿ ಅಳೆದಿರುತ್ತಾರೆ: ತುಂಬಿದ ಬ್ಯಾಟರಿಯಿಂದ 5 ಆಂಪಿಯರ್‌ನಂತೆ ನಿಧಾನವಾಗಿ ಎಳೆಯುತ್ತ ಹೋದರೆ 20 ಗಂಟೆಯ ಹೊತ್ತಿಗೆ ಅದರ ವೋಲ್ಟೇಜ್ 10.5ಕ್ಕೆ ಇಳಿಯುತ್ತದೆ. ಐದನ್ನು ಇಪ್ಪತ್ತರಿಂದ ಗುಣಿಸಿದರೆ ನೂರು. ನಿಮ್ಮ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 35 ಕಿ.ಮೀ. ವೇಗದಲ್ಲಿ ಸಾಗುವಾಗಲೇ ಸುಮಾರು 50 ಆಂಪಿಯರ್ ಎಳೆಯುತ್ತದೆ. ಅದು ಲೇಬಲ್ಲಿನ ದರದ ಹತ್ತು ಪಟ್ಟು.

ಹೆಚ್ಚು ವೇಗವಾಗಿ ಎಳೆದಷ್ಟೂ ಸಿಗುವ ಒಟ್ಟು ಮೊತ್ತ ಕಡಿಮೆಯಾಗುತ್ತದೆ ಎಂಬುದನ್ನು 1897ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಪ್ಯೂಕರ್ಟ್ ಒಂದು ಸೂತ್ರದಲ್ಲಿ ಹಿಡಿದಿಟ್ಟರು. ನೀರು ಹಾಕುವ ಮಾದರಿಯ ಲೆಡ್-ಆಸಿಡ್ ಬ್ಯಾಟರಿಗಳಿಗೆ ಅದರ ಘಾತಾಂಕ ಸ್ಥೂಲವಾಗಿ 1.2ರಿಂದ 1.3, ಎಜಿಎಂ (ಗಾಜಿನ ನಾರಿನ ಹಾಸು ಆಮ್ಲವನ್ನು ಹೀರಿಟ್ಟುಕೊಂಡಿರುವ, ಸೀಲ್ ಮಾಡಿದ) ಮಾದರಿಗೆ 1.1ರ ಆಸುಪಾಸು. ನಿಮ್ಮ ಬ್ಯಾಟರಿಗೆ 1.25 ಎಂದಿಟ್ಟುಕೊಳ್ಳೋಣ. 5 ಆಂಪಿಯರನ್ನು 50ರಿಂದ ಭಾಗಿಸಿದರೆ 0.1. ಅದನ್ನು 1.25ರ ಘಾತಕ್ಕೆ ಏರಿಸಿ 20 ಗಂಟೆಯಿಂದ ಗುಣಿಸಿದರೆ ಬರುವುದು 1.12 ಗಂಟೆ, ಅಂದರೆ 67 ನಿಮಿಷ. ಆ ಅವಧಿಯಲ್ಲಿ ಹೊರಬರುವುದು 56 ಆಂಪಿಯರ್-ಅವರ್. ಗಂಟೆಗೆ 35 ಕಿ.ಮೀ.ಯಂತೆ 67 ನಿಮಿಷ ಸಾಗಿದರೆ 39 ಕಿ.ಮೀ. ಆಗುತ್ತದೆ. ನಿಮ್ಮ ಕಾರು ನಿಂತದ್ದೂ ಅಲ್ಲಿಯೇ. ಸತತವಾಗಿ 100 ಆಂಪಿಯರ್ ಎಳೆಯುವಂಥ ಏರುದಾರಿಯಾದರೆ ಅದೇ ಬ್ಯಾಟರಿ 28 ನಿಮಿಷಕ್ಕೆ ಕೈಕೊಡುತ್ತದೆ. ಆಗ ಸಿಗುವುದು 47 ಆಂಪಿಯರ್-ಅವರ್ ಮಾತ್ರ.

ಉಳಿದ 44 ಆಂಪಿಯರ್-ಅವರ್ ಎಲ್ಲಿ ಹೋಯಿತು? ಬಹುಪಾಲು ಒಳಗೇ ಇದೆ. ಲೆಡ್-ಆಸಿಡ್ ಬ್ಯಾಟರಿಯಲ್ಲಿ ಆಮ್ಲವು ಬರಿಯ ದಾರಿಯಲ್ಲ, ಅದೂ ಇಂಧನದ ಭಾಗ. ವಿದ್ಯುತ್ ಹೊರಡುವಾಗ ಒಂದು ಪ್ಲೇಟಿನ ಸೀಸ, ಇನ್ನೊಂದರ ಸೀಸದ ಡೈಆಕ್ಸೈಡ್, ನಡುವಿನ ಗಂಧಕಾಮ್ಲ ಸೇರಿ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ನೀರು ಉಳಿಯುತ್ತದೆ. ನಿಧಾನವಾಗಿ ಎಳೆದಾಗ ಹೊಸ ಆಮ್ಲ ಪ್ಲೇಟಿನ ಸೂಕ್ಷ್ಮರಂಧ್ರಗಳ ಒಳಕ್ಕೆ ಇಳಿಯಲು ಸಮಯ ಸಿಗುತ್ತದೆ. ಜೋರಾಗಿ ಎಳೆದರೆ ಮೇಲ್ಪದರದ ಆಮ್ಲ ಮೊದಲು ಮುಗಿಯುತ್ತದೆ, ಅಲ್ಲೇ ಕೂತ ಸಲ್ಫೇಟ್ ಒಳದಾರಿಯನ್ನು ಮುಚ್ಚುತ್ತದೆ. ಆಳದಲ್ಲಿ ಸೀಸ ಇದ್ದೂ ಅದಕ್ಕೆ ಆಮ್ಲ ತಲುಪುವುದಿಲ್ಲ. ಆದ್ದರಿಂದಲೇ ಸೋತು ನಿಂತ ಕಾರು ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ಚಲಿಸುತ್ತದೆ, ಮೀಟರಿನಲ್ಲಿ ವೋಲ್ಟೇಜ್ ಚೇತರಿಸಿಕೊಂಡಿರುತ್ತದೆ. ಅದನ್ನು ಕಂಡು ಇನ್ನೂ ದೂರ ಹೋಗಬಹುದು ಎಂದುಕೊಳ್ಳಬೇಡಿ. ಆ ಉಳಿಕೆ ಮನೆಯವರೆಗೆ ತೆವಳಿಕೊಂಡು ಹೋಗಲು ಮಾತ್ರ.

ಇಲ್ಲಿಂದ ಬ್ಯಾಟರಿ ಆಯ್ಕೆಯ ಮಾತಿಗೆ ಬರೋಣ. ವೋಲ್ಟೇಜ್ ಹೆಚ್ಚಿಸಿದರೆ ಕರೆಂಟ್ ಇಳಿಯುತ್ತದೆ, ಹಾಗಾಗಿ ಈ ನಷ್ಟದಿಂದ ಪಾರಾಗಬಹುದು ಎಂದು ಹಲವರು ನಂಬಿದ್ದಾರೆ. ಒಟ್ಟು ತೂಕ ಅಷ್ಟೇ ಇದ್ದರೆ ಇದು ನಿಜವಲ್ಲ. ಒಂದೇ ತೂಕದಲ್ಲಿ ವೋಲ್ಟೇಜ್ ಇಮ್ಮಡಿಸಬೇಕಾದರೆ ಪ್ರತಿ ಬ್ಯಾಟರಿಯ ಆಂಪಿಯರ್-ಅವರ್ ಅರ್ಧವಾಗಲೇಬೇಕು. ಕರೆಂಟೂ ಅರ್ಧ, ಸಾಮರ್ಥ್ಯವೂ ಅರ್ಧ ಆದಾಗ ಪ್ಲೇಟಿನ ಮೇಲೆ ಬೀಳುವ ಹೊರೆ ಇದ್ದಲ್ಲೇ ಇರುತ್ತದೆ. ತಂತಿ ಸಣ್ಣದಾಗುತ್ತದೆ, ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಕಂಟ್ರೋಲರ್ ತಣ್ಣಗಿರುತ್ತದೆ, ಮೋಟಾರ್ ಇನ್ನೂ ವೇಗವಾಗಿ ತಿರುಗಬಲ್ಲದು. ಇವೆಲ್ಲ ಒಳ್ಳೆಯವೇ, ಆದರೆ ದೂರ ಹೆಚ್ಚುವುದು ಸೀಸದ ತೂಕ ಹೆಚ್ಚಿದಾಗ. ಈ ಕೆಲಸದಲ್ಲಿ ಪಳಗಿದವರು ಕಾರಿನ ಒಟ್ಟು ತೂಕದ ಮೂರನೆಯ ಒಂದು ಭಾಗ ಸೀಸ ಇರಬೇಕು ಎನ್ನುತ್ತಾರೆ. ಜನರಲ್ ಮೋಟಾರ್ಸ್ 1996ರಲ್ಲಿ ತಂದ ಮೊದಲ ಇವಿ1 ಎಂಬ ವಿದ್ಯುತ್ ಕಾರಿನಲ್ಲೂ 26 ಲೆಡ್-ಆಸಿಡ್ ಬ್ಯಾಟರಿಗಳಿದ್ದವು. ಅವುಗಳ ತೂಕ ಅರ್ಧ ಟನ್ ದಾಟಿತ್ತು, ಅಂದರೆ ಕಾರಿನ ತೂಕದ ಮೂರನೆಯ ಒಂದಕ್ಕಿಂತ ಹೆಚ್ಚು. ನಿಮ್ಮ ಎಂಟು ಬ್ಯಾಟರಿಗಳ ತೂಕ ಎಲ್ಲ ಸೇರಿ 240 ಕಿಲೋ ಆದೀತು.

ಗಾಲ್ಫ್ ಗಾಡಿಗಳಿಗೆ ಮಾಡುವ 6 ವೋಲ್ಟಿನ ಬ್ಯಾಟರಿಗಳು ಈ ಕೆಲಸಕ್ಕೆ ಬಹುಕಾಲ ಮೆಚ್ಚಿನವಾಗಿದ್ದುದಕ್ಕೆ ಇದೇ ಕಾರಣ. ಒಂದೊಂದು ಸುಮಾರು 28 ಕಿಲೋ, 20 ಗಂಟೆಯ ದರದಲ್ಲಿ ಸುಮಾರು 225 ಆಂಪಿಯರ್-ಅವರ್. ನಿಮ್ಮ 96 ವೋಲ್ಟಿಗೆ ಅಂಥವು ಹದಿನಾರು ಬೇಕು, ಅಂದರೆ 450 ಕಿಲೋ. ಸಾಮರ್ಥ್ಯ ಹೆಚ್ಚಿದ್ದು ಎರಡೂಕಾಲು ಪಟ್ಟು. ಆದರೆ ಅದೇ 50 ಆಂಪಿಯರಿನಲ್ಲಿ ಅವು ಕೊಡುವುದು 155 ಆಂಪಿಯರ್-ಅವರ್, ಈಗ ಸಿಗುತ್ತಿರುವ 56ರ ಎರಡೂಮುಕ್ಕಾಲು ಪಟ್ಟು. ತೂಕ ಏರಿದ್ದರಿಂದ ಕಾರಿನ ಹಸಿವೂ ಸ್ವಲ್ಪ ಏರುತ್ತದೆ, ಆದರೂ ಲಾಭ ನಿಮ್ಮದೇ. ಆದರೆ ಹಳೆಯ ಸ್ಪ್ರಿಂಗು ಮತ್ತು ಬ್ರೇಕುಗಳು ಈ ತೂಕವನ್ನು ತಾಳುತ್ತವೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಆ ವಿಷಯದಲ್ಲಿ ಅಂದಾಜು ಸಲ್ಲದು. ಬೇರೆ ದಾರಿಯೆಂದರೆ ಸಣ್ಣ ಬ್ಯಾಟರಿಗಳ ಎರಡು ಸರಣಿಗಳನ್ನು ಸಮಾಂತರವಾಗಿ ಜೋಡಿಸುವುದು. ನಾನು ಅದನ್ನು ಸೂಚಿಸುವುದಿಲ್ಲ. ಯಾವ ಸರಣಿ ಎಷ್ಟು ಹೊರೆ ಹೊರುತ್ತಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಎಂಜಿನ್ ಸ್ಟಾರ್ಟ್ ಮಾಡುವ ಮಾಮೂಲಿ ಕಾರ್ ಬ್ಯಾಟರಿ ಬೇಡವೇ ಬೇಡ. ಅದರ ಪ್ಲೇಟುಗಳು ತೆಳು, ಸಂಖ್ಯೆಯಲ್ಲಿ ಹೆಚ್ಚು. ಕೆಲವು ಸೆಕೆಂಡು ಭಾರಿ ಕರೆಂಟ್ ಕೊಟ್ಟು ಕೂಡಲೇ ಮತ್ತೆ ತುಂಬಿಕೊಳ್ಳುವುದು ಅದರ ಕೆಲಸ. ಪದೇ ಪದೇ ಆಳಕ್ಕೆ ಖಾಲಿ ಮಾಡಿದರೆ ಪ್ಲೇಟಿನ ಮೇಲಿನ ವಸ್ತು ಉದುರಿ ತಳ ಸೇರುತ್ತದೆ. ದಪ್ಪ ಪ್ಲೇಟುಗಳ ಡೀಪ್ ಸೈಕಲ್ ಬ್ಯಾಟರಿಯನ್ನೇ ಕೇಳಿ ತೆಗೆದುಕೊಳ್ಳಿ. ಟ್ಯೂಬುಲರ್ ಬ್ಯಾಟರಿಗಳು ದೀರ್ಘಾಯುಷಿಗಳು ನಿಜ, ಆದರೆ ಮನೆಯ ಇನ್ವರ್ಟರಿಗೆ ಮಾಡಿದವು ಹಲವು ಗಂಟೆಗಳ ನಿಧಾನ ಬಳಕೆಗಾಗಿ ಇರುವಂಥವು. ಏರಿನಲ್ಲಿ ನೂರಾರು ಆಂಪಿಯರ್ ಕೇಳಿದಾಗ ಅವುಗಳ ವೋಲ್ಟೇಜ್ ಕುಸಿಯುತ್ತದೆ. ಎಜಿಎಂ ಮಾದರಿ ಜೋರಾದ ಎಳೆತವನ್ನು ಚೆನ್ನಾಗಿ ತಾಳುತ್ತದೆ, ನೀರು ಕೇಳುವುದಿಲ್ಲ. ಆದರೆ ಚಾರ್ಜಿಂಗಿನಲ್ಲಿ ಮಿತಿ ಮೀರಿದರೆ ಕಳೆದುಹೋದ ನೀರನ್ನು ಮರಳಿ ತುಂಬಿಸುವ ದಾರಿಯೇ ಇಲ್ಲ. ಮೊದಲ ಬಾರಿ ಕಟ್ಟುವವರಿಗೆ ನೀರು ಹಾಕುವ ಮಾದರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದರ ಪ್ರತಿ ಸೆಲ್ಲಿಗೂ (12 ವೋಲ್ಟಿನ ಬ್ಯಾಟರಿಯೊಳಗೆ ಎರಡೆರಡು ವೋಲ್ಟಿನ ಆರು ಸೆಲ್ಲುಗಳಿರುತ್ತವೆ) ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ಒಳಗಿನ ಸ್ಥಿತಿಯನ್ನು ತಿಳಿಯಬಹುದು. ತುಂಬಿದ ಸೆಲ್ಲಿನ ಆಮ್ಲದ ಸಾಪೇಕ್ಷ ಸಾಂದ್ರತೆ 1.265ರಿಂದ 1.280ರವರೆಗೆ ಇರುತ್ತದೆ.

ಎಲ್ಲವನ್ನೂ ಒಂದೇ ಮಾದರಿಯಲ್ಲಿ, ಒಂದೇ ಬಾರಿ, ಸಾಧ್ಯವಾದರೆ ಒಂದೇ ತಯಾರಿಕಾ ತಿಂಗಳಿನವನ್ನು ಕೊಳ್ಳಿ. ಸರಣಿಯಲ್ಲಿ ಎಂಟಕ್ಕೂ ಹರಿಯುವುದು ಒಂದೇ ಕರೆಂಟ್. ಅವುಗಳಲ್ಲಿ ಒಂದು ದುರ್ಬಲವಾಗಿದ್ದರೆ ಮೊದಲು ಖಾಲಿಯಾಗುವುದು ಅದೇ. ಆಮೇಲೂ ನೀವು ಓಡಿಸುತ್ತಿದ್ದರೆ ಉಳಿದ ಏಳು ಅದರೊಳಗೆ ಬಲವಂತವಾಗಿ ಕರೆಂಟ್ ನುಗ್ಗಿಸುತ್ತವೆ. ಖಾಲಿಯಾದ ಸೆಲ್ಲಿನ ಧ್ರುವಗಳೇ ಅದಲುಬದಲಾಗಿ ಅದು ಉಲ್ಟಾ ಚಾರ್ಜ್ ಆಗತೊಡಗುತ್ತದೆ. ಹೀಗೆ ಆದ ಸೆಲ್ ಮತ್ತೆ ಮೊದಲಿನಂತಾಗುವುದು ಅಪರೂಪ. ಲೆಡ್-ಆಸಿಡ್ ಸರಣಿಯ ಸಾವು ಹೆಚ್ಚಾಗಿ ಶುರುವಾಗುವುದೇ ಹೀಗೆ. ಡ್ಯಾಶ್‌ಬೋರ್ಡಿನ ವೋಲ್ಟ್‌ಮೀಟರ್ ನೋಡಿದರೆ ಇದು ತಿಳಿಯುವುದಿಲ್ಲ. 90 ವೋಲ್ಟಿನ ನಡುವೆ ಒಂದು ಸೆಲ್ಲಿನ ಎರಡು ವೋಲ್ಟ್ ಮಾಯವಾದರೆ ಯಾರ ಗಮನಕ್ಕೆ ಬಂದೀತು? ಇದಕ್ಕೆ ಸುಲಭದ ಉಪಾಯವೊಂದಿದೆ. ಸರಣಿಯ ನಟ್ಟನಡುವಿನಿಂದ ಸಣ್ಣ ಫ್ಯೂಸ್ ಹಾಕಿದ ತೆಳು ತಂತಿಯೊಂದನ್ನು ಹೊರತಂದು, ಮೇಲಿನ ನಾಲ್ಕರ ವೋಲ್ಟೇಜನ್ನು ಕೆಳಗಿನ ನಾಲ್ಕರ ವೋಲ್ಟೇಜಿನ ಪಕ್ಕದಲ್ಲೇ ತೋರಿಸುವಂತೆ ಎರಡು ಮೀಟರ್ ಇಡಿ. ಎರಡೂ ಜೊತೆಯಾಗಿ ಇಳಿಯುತ್ತಿದ್ದರೆ ಸರಿ. ಒಂದು ಭಾಗ ಇದ್ದಕ್ಕಿದ್ದಂತೆ ಹಿಂದೆ ಬಿದ್ದರೆ ಆ ಕ್ಷಣವೇ ವೇಗ ತಗ್ಗಿಸಿ, ಮನೆಗೆ ತಿರುಗಿ.

ಈ ದುರ್ಬಲ ಸೆಲ್ಲಿನ ಭಯದಿಂದಲೇ 39 ಕಿ.ಮೀ. ಪೂರ್ತಿ ಓಡಿಸಬಾರದು ಎನ್ನುವುದು. ಎಂದಾದರೊಮ್ಮೆ 30 ಕಿ.ಮೀ. ಆಗಲಿ, ನಿತ್ಯದ ಓಡಾಟ 20ರಿಂದ 25 ಕಿ.ಮೀ. ಒಳಗಿರಲಿ. ಅರ್ಧಕ್ಕೆ ಖಾಲಿ ಮಾಡುವ ಬ್ಯಾಟರಿ ಶೇಕಡ 80ರಷ್ಟು ಖಾಲಿ ಮಾಡುವ ಬ್ಯಾಟರಿಗಿಂತ ಎಷ್ಟೋ ಹೆಚ್ಚು ಬಾರಿ ಚಾರ್ಜ್ ಆಗಬಲ್ಲದು. ಹೊಸ ಬ್ಯಾಟರಿಗಳಾದರೆ ಮೊದಲ ಕೆಲವು ವಾರ ಇನ್ನೂ ಹಗುರಾಗಿ ಬಳಸಿ. ಡೀಪ್ ಸೈಕಲ್ ಪ್ಲೇಟುಗಳು ಪೂರ್ತಿ ಸಾಮರ್ಥ್ಯಕ್ಕೆ ಬರುವುದು ಹಲವು ಬಾರಿ ಚಾರ್ಜ್ ಆದ ಮೇಲೆಯೇ.

ಚಾರ್ಜಿಂಗಿನಲ್ಲಿ ತಾಳ್ಮೆ ಬೇಕು. ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಾಕಿ, ನಾಳೆಗೆ ಬಿಡಬೇಡಿ. ಖಾಲಿ ಬ್ಯಾಟರಿ ಹಾಗೇ ಕೂತಷ್ಟೂ ಸಲ್ಫೇಟ್ ಹರಳು ಗಟ್ಟಿಯಾಗಿ, ಮತ್ತೆ ಕರಗುವುದಿಲ್ಲ. ಅರೆಬರೆ ಖಾಲಿಯಾದಾಗ ಚಾರ್ಜ್ ಮಾಡಿದರೆ ಕೆಡುತ್ತದೆ ಎಂಬ ಮಾತು ಈ ಬ್ಯಾಟರಿಗೆ ಅನ್ವಯಿಸುವುದಿಲ್ಲ. ಅವಕಾಶ ಸಿಕ್ಕಾಗಲೆಲ್ಲ ತುಂಬಿಸಿ. ಮೊದಲ ಹಂತದಲ್ಲಿ ಸಾಮರ್ಥ್ಯದ ಹತ್ತನೇ ಒಂದರಷ್ಟು ಕರೆಂಟ್, ಅಂದರೆ ನಿಮಗೆ 10 ಆಂಪಿಯರ್ ಸಾಕು. ಪ್ರತಿ ಬ್ಯಾಟರಿ 14.4ರಿಂದ 14.8 ವೋಲ್ಟಿಗೆ ಬಂದ ಮೇಲೆ ಅಲ್ಲಿಯೇ ಹಿಡಿದಿಟ್ಟು ಕರೆಂಟ್ ತಾನಾಗಿ ಇಳಿಯಲು ಬಿಡಬೇಕು. ಕೊನೆಯ ಐದನೇ ಒಂದು ಭಾಗ ತುಂಬಲು ಹಲವು ಗಂಟೆ ಹಿಡಿಯುತ್ತದೆ. ಬೇಸರಪಟ್ಟು ಅದನ್ನು ದಿನವೂ ತಪ್ಪಿಸಿದರೆ ಸೆಲ್ಲುಗಳ ನಡುವೆ ಅಂತರ ಬೆಳೆಯುತ್ತದೆ. ನೀರು ಹಾಕುವ ಮಾದರಿಗೆ ತಿಂಗಳಿಗೊಮ್ಮೆಯಂತೆ, ತಯಾರಕರು ಹೇಳಿದ ವೋಲ್ಟೇಜಿನಲ್ಲಿ, ಬೇಕೆಂದೇ ಸ್ವಲ್ಪ ಹೆಚ್ಚು ಚಾರ್ಜ್ ಮಾಡಿ ಎಲ್ಲ ಸೆಲ್ಲುಗಳನ್ನು ಸಮಕ್ಕೆ ತರಬಹುದು. ಸೀಲ್ ಮಾಡಿದವುಗಳಿಗೆ ಈ ಪ್ರಯೋಗ ಬೇಡ. ಬಟ್ಟಿ ಇಳಿಸಿದ ನೀರನ್ನು ಚಾರ್ಜ್ ಮುಗಿದ ಮೇಲೆ ಹಾಕಿ. ಪ್ಲೇಟ್ ಬಯಲಾಗಿದ್ದರೆ ಮಾತ್ರ ಅದು ಮುಳುಗುವಷ್ಟನ್ನು ಮೊದಲೇ ಹಾಕಬೇಕು. ಆಮ್ಲವನ್ನು ಮಾತ್ರ ಯಾವತ್ತೂ ಸೇರಿಸಬೇಡಿ. ಆರಿಹೋಗುವುದು ನೀರು, ಆಮ್ಲವಲ್ಲ.

ಸೆಖೆಯಲ್ಲಿ ಬ್ಯಾಟರಿ ಚೆನ್ನಾಗಿ ಓಡುತ್ತದೆ, ಬೇಗ ಮುದಿಯಾಗುತ್ತದೆ. ಸರಾಸರಿ ಉಷ್ಣತೆ 10 ಡಿಗ್ರಿ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಚಳಿಯಲ್ಲಿ ಇದರ ವಿರುದ್ಧ: ಸೊನ್ನೆ ಡಿಗ್ರಿಯ ಹತ್ತಿರ ಸಾಮರ್ಥ್ಯ ಐದನೇ ಒಂದರಷ್ಟು ಕುಗ್ಗುತ್ತದೆ. ಚಾರ್ಜಿಂಗ್ ವೋಲ್ಟೇಜನ್ನು ಸೆಖೆಗೆ ಇಳಿಸಿ ಚಳಿಗೆ ಏರಿಸುವ ಚಾರ್ಜರ್ ಇದ್ದರೆ ಒಳ್ಳೆಯದು.

ಇನ್ನು ಅಳತೆಗೆ ಕೈಹಾಕುವ ಮುನ್ನ ಸುರಕ್ಷತೆಯ ಮಾತು. 96 ವೋಲ್ಟ್ ಡಿಸಿ ಜೀವಕ್ಕೆ ಅಪಾಯ. ಸ್ಪಾನರ್ ಜಾರಿ ಎರಡು ಟರ್ಮಿನಲ್‌ಗಳ ನಡುವೆ ಬಿದ್ದರೆ ಸಾವಿರ ಆಂಪಿಯರ್ ಮೀರಿ ಹರಿದು ಲೋಹ ಕರಗುತ್ತದೆ. ಉಂಗುರ, ಗಡಿಯಾರ ತೆಗೆದಿಡಿ, ಸ್ಪಾನರಿನ ಹಿಡಿಗೆ ಇನ್ಸುಲೇಷನ್ ಸುತ್ತಿ, ರಕ್ಷಣಾ ಕನ್ನಡಕ ಧರಿಸಿ. ಫ್ಯೂಸ್ ಮತ್ತು ಕಾಂಟ್ಯಾಕ್ಟರ್ (ಭಾರಿ ಕರೆಂಟಿನ ವಿದ್ಯುತ್‌ಚಾಲಿತ ಸ್ವಿಚ್) ಡಿಸಿಗೆಂದೇ ಮಾಡಿದವಾಗಿರಲಿ. ಎಸಿಗೆ ಮಾಡಿದವು ಡಿಸಿಯ ಕಿಡಿಯನ್ನು ನಂದಿಸಲಾರವು. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡ 4 ಆದರೂ ಸಾಕು ಸ್ಫೋಟಿಸಲು. ಬ್ಯಾಟರಿ ಪೆಟ್ಟಿಗೆಯಿಂದ ಹೊರಗಾಳಿಗೆ ದಾರಿ ಇರಲಿ, ಆ ಪೆಟ್ಟಿಗೆ ಕಾರು ಗುದ್ದಿದರೂ ಕಿತ್ತು ಬಾರದಂತೆ ಚಾಸಿಗೆ ಬಿಗಿದಿರಲಿ.

ಈಗ ನಿಮ್ಮ ಬ್ಯಾಟರಿಗಳ ಪರೀಕ್ಷೆ. ಪೂರ್ತಿ ಚಾರ್ಜ್ ಮಾಡಿ ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಎಂಟನ್ನೂ ಅಳೆಯಿರಿ. ಒಂದೊಂದೂ 12.6ರಿಂದ 12.7 ವೋಲ್ಟ್ ತೋರಬೇಕು. ಆಮೇಲೆ 25 ಕಿ.ಮೀ. ಓಡಿಸಿ ಬನ್ನಿ. ಈ ಬಾರಿ ಹೊರೆ ಇರುವಾಗಲೇ, ಅಂದರೆ ಮೋಟಾರ್ ಕರೆಂಟ್ ಎಳೆಯುತ್ತಿರುವಾಗಲೇ, ಅಳೆಯುವುದು ಮುಖ್ಯ. ಪ್ರತಿ ಬ್ಯಾಟರಿಯಿಂದ ಫ್ಯೂಸ್ ಹಾಕಿದ ತೆಳು ತಂತಿಗಳನ್ನು ಒಳಗೆ ಎಳೆದುಕೊಂಡಿದ್ದರೆ, ಒಬ್ಬರು ಓಡಿಸುವಾಗ ಇನ್ನೊಬ್ಬರು ಓದಿ ಬರೆದುಕೊಳ್ಳಬಹುದು. 50 ಆಂಪಿಯರ್ ಎಳೆಯುತ್ತಿರುವಾಗ ಎಂಟೂ 0.2 ವೋಲ್ಟಿನ ಅಂತರದೊಳಗೆ ಇದ್ದರೆ ನಿಮ್ಮ ಸರಣಿ ಆರೋಗ್ಯವಾಗಿದೆ. ಯಾವುದಾದರೂ ಒಂದು ಅರ್ಧ ವೋಲ್ಟಿಗಿಂತ ಹೆಚ್ಚು ಕುಸಿದರೆ ಮೊದಲು ಅದರ ಟರ್ಮಿನಲ್ ಬಿಗಿಯಾಗಿದೆಯೇ, ಶುಚಿಯಾಗಿದೆಯೇ ನೋಡಿ. ಅದು ಸರಿಯಿದ್ದೂ ಕುಸಿಯುತ್ತಿದ್ದರೆ ಆ ಒಂದನ್ನು ಪ್ರತ್ಯೇಕವಾಗಿ ನಿಧಾನಕ್ಕೆ ಪೂರ್ತಿ ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಿ. ಆಗಲೂ ಹಿಂದುಳಿದರೆ ಬದಲಿಸಿ, ಉಳಿದ ಏಳು ಇನ್ನೂ ಹೊಸದಾಗಿರುವಾಗಲೇ ಬದಲಿಸಿ. ವರ್ಷ ಕಳೆದ ಮೇಲೆ ಹಳೆಯ ಏಳರ ನಡುವೆ ಹೊಸದೊಂದನ್ನು ತಂದು ಕೂರಿಸಿದರೆ, ಚಾರ್ಜ್ ಆಗುವಾಗ ಅದರ ಪಾಲಿಗೆ ಬರುವ ವೋಲ್ಟೇಜ್ ಹಳೆಯವುಗಳಿಗಿಂತ ಬೇರೆಯಾಗಿರುತ್ತದೆ. ಆ ಹೊಸದೂ ತನ್ನ ಪೂರ್ಣಾಯುಸ್ಸನ್ನು ಕಾಣುವುದಿಲ್ಲ.