ಇಡ್ಲಿಗೆ ಎಷ್ಟು ನಿಮಿಷವಾಯಿತು? ಪರದೆಯ ಫಂಕ್ಷನ್ ನಡೆದು ಬಂದ ದಾರಿ

ಮುಂಬೈಯ ಮಾಟುಂಗದ ಉಡುಪಿ ಹೋಟೆಲೊಂದರ ಅಡುಗೆಮನೆಯಲ್ಲಿ ಆರ್ಡರ್ ತೋರಿಸುವ ಪರದೆ ಇದೆ ಎಂದುಕೊಳ್ಳಿ. ಟೇಬಲ್ 7ಕ್ಕೆ ಎರಡು ಪ್ಲೇಟ್ ಇಡ್ಲಿ. ಮಾಣಿ ಒಂದು ವಡೆ ಸೇರಿಸಿದರೆ ಸಾಲೂ ಬದಲಾಗಬೇಕು, ಮೊತ್ತವೂ ಬದಲಾಗಬೇಕು. ಜೆಕ್ವೆರಿ (ಪುಟದ ತುಂಡುಗಳನ್ನು ಒಂದೊಂದಾಗಿ ತಿದ್ದುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಕಾಲದಲ್ಲಿ ಇವೆರಡಕ್ಕೂ ಬೇರೆ ಬೇರೆ ಸಾಲು ಕೋಡ್ ಬರೆಯಬೇಕಿತ್ತು. ಒಂದನ್ನು ಮರೆತರೆ ವಡೆ ಬಂತು, ಬಿಲ್ಲಿಗೆ ಬರಲಿಲ್ಲ. ಪ್ರೋಗ್ರಾಮನ್ನು ಫಂಕ್ಷನ್‌ಗಳಿಂದಲೇ ಕಟ್ಟುವ ಫಂಕ್ಷನಲ್ ಪಂಥದವರ ಉತ್ತರ ಸರಳ: ಪರದೆ ಒಂದು ಫಂಕ್ಷನ್, ಡೇಟಾ ಕೊಡಿ, ಚಿತ್ರ ತೆಗೆದುಕೊಳ್ಳಿ. ಆದರೆ ಡೇಟಾ ಬದಲಾದಾಗ ಆ ಫಂಕ್ಷನನ್ನು ಮತ್ತೆ ಓಡಿಸುವವರು ಯಾರು? ಜಗಳವೆಲ್ಲ ಇಲ್ಲಿಯೇ.

1997ರಲ್ಲಿ ಕೋನಲ್ ಎಲಿಯಟ್ ಮತ್ತು ಪಾಲ್ ಹುಡಾಕ್ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯಲ್ಲಿ ‘ಫ್ರಾನ್’ ಎಂಬ ಅನಿಮೇಶನ್ ಲೈಬ್ರರಿ ಕಟ್ಟಿದಾಗ, ಕಾಲದೊಂದಿಗೆ ಬದಲಾಗುವ ಮೌಲ್ಯವನ್ನೇ ಭಾಷೆಯೊಳಗೆ ತಂದರು. ಇವಾನ್ ಚಾಪ್ಲಿಕಿ 2012ರಲ್ಲಿ ಎಲ್ಮ್ ಭಾಷೆಯ ಮೂಲಕ ಆ ವಿಚಾರವನ್ನು ಸಿಗ್ನಲ್‌ಗಳ ರೂಪದಲ್ಲಿ ಬ್ರೌಸರಿಗೆ ಒಯ್ದರು, 2016ರ 0.17 ಆವೃತ್ತಿಯಲ್ಲಿ ತಾವೇ ಸಿಗ್ನಲ್‌ಗಳನ್ನು ಕಿತ್ತುಹಾಕಿದರು. ಉಳಿದದ್ದು ಮಾಡೆಲ್ (ಈಗಿನ ಡೇಟಾ), ಅಪ್‌ಡೇಟ್ (ಅದನ್ನು ಬದಲಿಸುವ ಫಂಕ್ಷನ್), ವ್ಯೂ (ಅದನ್ನು ಪರದೆಯಾಗಿಸುವ ಫಂಕ್ಷನ್) ಎಂಬ ಮೂರು ತುಂಡು.

2013ರಲ್ಲಿ ಹೊರಬಂದ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್‌ನದು ಒರಟು ದಾರಿ: ಫಂಕ್ಷನನ್ನು ಮತ್ತೆ ಓಡಿಸು, ಪರದೆಯ ತುಂಡುಗಳ ಹಳೆಯ ಮರಕ್ಕೂ ಹೊಸ ಮರಕ್ಕೂ ಹೋಲಿಸು, ವ್ಯತ್ಯಾಸವನ್ನಷ್ಟೇ ಪುಟಕ್ಕೆ ಹಚ್ಚು. ಅದೇ ವರ್ಷದ ಕೊನೆಗೆ ರಿಯಾಕ್ಟ್ ಮೇಲೆಯೇ ಕಟ್ಟಿದ ಡೇವಿಡ್ ನೋಲನ್ ಅವರ ‘ಓಮ್’ ಒಂದು ಜಾಣತನ ತೋರಿಸಿತು: ಡೇಟಾವನ್ನು ತಿದ್ದುವ ಹಾಗೇ ಇಲ್ಲದಿದ್ದರೆ, ಮೆಮೊರಿಯಲ್ಲಿ ವಿಳಾಸ ಒಂದೇ ಇದ್ದ ಕೊಂಬೆಯನ್ನು ಹೋಲಿಸದೆ ಬಿಟ್ಟುಬಿಡಬಹುದು. ಸಾಲುಗಳಿಗೆ ಆರ್ಡರ್ ನಂಬರಿನ ಬದಲು ಇಂಡೆಕ್ಸನ್ನೇ (ಎಷ್ಟನೆಯ ಸಾಲೆಂಬ ಅಂಕಿಯನ್ನೇ) ಕೀ, ಅಂದರೆ ಗುರುತು, ಮಾಡಿದರೆ ಮಾತ್ರ ಈ ಹೋಲಿಕೆ ಮೋಸಹೋಗುತ್ತದೆ: ಟೇಬಲ್ 7ರ ಸಾಲು ತೆಗೆದರೆ, ಅದರ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದ ‘ಸಾಂಬಾರ್ ಬೇರೆ’ ಕೆಳಗಿನ ಟೇಬಲಿಗೆ ಅಂಟಿಕೊಳ್ಳುತ್ತದೆ.

ನಿಜವಾದ ಪೇಚು 2019ರ ಫೆಬ್ರವರಿಯಲ್ಲಿ, ರಿಯಾಕ್ಟ್ 16.8ರ ಹುಕ್ಸ್ (ಫಂಕ್ಷನ್ ಒಳಗೇ ನೆನಪು, ಟೈಮರ್ ಇಟ್ಟುಕೊಳ್ಳುವ ಸೌಲಭ್ಯ) ಜೊತೆ ಬಂತು. ಆರ್ಡರ್ ಬಂದು ಎಷ್ಟು ನಿಮಿಷವಾಯಿತೆಂದು ಪರದೆ ತೋರಿಸಬೇಕು. ಯೂಸ್‌ಎಫೆಕ್ಟ್ (ಪರದೆ ಬಿಡಿಸಿದ ಮೇಲೆ ಓಡುವ ಹುಕ್) ಒಳಗೆ 60,000 ಮಿಲಿಸೆಕೆಂಡಿನ ಟೈಮರ್ ಇಟ್ಟು, ಡಿಪೆಂಡೆನ್ಸಿ ಪಟ್ಟಿ (ಯಾವುದು ಬದಲಾದರೆ ಅದು ಮತ್ತೆ ಓಡಬೇಕೆಂಬ ಪಟ್ಟಿ) ಖಾಲಿ ಬಿಟ್ಟು, ‘ನಿಮಿಷಕ್ಕೆ ಒಂದು ಕೂಡಿಸು’ ಎಂದು ಬರೆದರೆ ಪರದೆ 1ರಲ್ಲೇ ನಿಲ್ಲುತ್ತದೆ. ಟೈಮರಿನ ಕೈಯಲ್ಲಿರುವುದು ಮೊದಲ ಸಲ ಫಂಕ್ಷನ್ ಓಡಿದಾಗಿನ ಸೊನ್ನೆ. ಪ್ರತಿ ಸಲವೂ ಅದಕ್ಕೇ ಒಂದು ಕೂಡಿಸುತ್ತದೆ. ನಿಮಿಷವನ್ನು ಪಟ್ಟಿಗೆ ಸೇರಿಸಿದರೆ ಎಣಿಕೆ ಸರಿ, ಆದರೆ ನಿಮಿಷಕ್ಕೊಮ್ಮೆ ಟೈಮರ್ ಕೆಡವಿ ಕಟ್ಟಬೇಕು. ಸೆಟ್ ಮಾಡುವಾಗ ಸಂಖ್ಯೆಯ ಬದಲು ‘ಹಿಂದಿನದಕ್ಕೆ ಒಂದು ಕೂಡಿಸುವ’ ಫಂಕ್ಷನ್ ಕೊಟ್ಟರೆ ಆ ರಗಳೆ ಇಲ್ಲ. (ಎಣಿಸುವುದೇ ತಪ್ಪು ಎನ್ನಿ: ಹಿನ್ನೆಲೆಗೆ ಹೋದ ಟ್ಯಾಬಿನ ಟೈಮರನ್ನು ಬ್ರೌಸರ್ ನಿಧಾನಿಸಬಹುದು. ಆರ್ಡರ್ ಬಂದ ಹೊತ್ತನ್ನು ಇಟ್ಟುಕೊಂಡು ಈಗಿನ ಹೊತ್ತಿನಿಂದ ಕಳೆಯಿರಿ.)

ಎಲ್ಮ್‌ನಲ್ಲಿ ಈ ತಪ್ಪು ಮಾಡಲು ದಾರಿಯೇ ಇಲ್ಲ. ಅಪ್‌ಡೇಟ್ ಕೈಗೆ ಯಾವಾಗಲೂ ಈಗಿನ ಮಾಡೆಲ್ಲೇ ಬರುತ್ತದೆ. ಬದಲಿಗೆ ಒಂದು ಟೈಮರಿಗಾಗಿ ಹೊಸ ಮೆಸೇಜ್, ಅಪ್‌ಡೇಟ್‌ನಲ್ಲಿ ಕವಲು, ಟೈಮರಿಗೆ ಕಿವಿಗೊಡುವ ಸಬ್‌ಸ್ಕ್ರಿಪ್ಶನ್ ಎಂದು ಮೂರು ಕಡೆ ಬರೆಯಬೇಕು.

ರಯಾನ್ ಕಾರ್ನಿಯಾಟೊ ಅವರ ಸಾಲಿಡ್ ಎಂಬ ಲೈಬ್ರರಿ 2021ರಲ್ಲಿ 1.0 ಆಯಿತು. ಇಲ್ಲಿ ಕಾಂಪೊನೆಂಟ್ (ಪರದೆಯ ಒಂದು ತುಂಡಿನ) ಫಂಕ್ಷನ್ ಓಡುವುದು ಒಂದೇ ಸಲ. ಆಮೇಲೆ ಸಿಗ್ನಲ್ಲಿಗೇ ತನ್ನನ್ನು ಓದಿದವರು ಯಾರೆಂದು ಗೊತ್ತು, ಅವರನ್ನಷ್ಟೇ ಎಬ್ಬಿಸುತ್ತದೆ. ಹೆಸರು ಎಲ್ಮ್ ಬಿಟ್ಟುಕೊಟ್ಟದ್ದೇ, ಆದರೆ ಇದು ಓದುಗರ ಲೆಕ್ಕ ಇಡುವ ಒಂದು ಡಬ್ಬಿ ಮಾತ್ರ. ಟೈಮರ್ ಪ್ರತಿ ಸಲ ಸಿಗ್ನಲನ್ನು ಕರೆದೇ ಓದುವುದರಿಂದ ಹಳೆಯ ಸೊನ್ನೆಯ ಕಾಟವಿಲ್ಲ. ಆದರೆ ರಿಯಾಕ್ಟ್ ಅಭ್ಯಾಸದಲ್ಲಿ ಪ್ರಾಪ್ಸನ್ನು (ಕಾಂಪೊನೆಂಟಿಗೆ ಹೊರಗಿನಿಂದ ಬರುವ ಡೇಟಾವನ್ನು) ಫಂಕ್ಷನಿನ ಬಾಗಿಲಲ್ಲೇ ಬಿಡಿಸಿಕೊಂಡರೆ ಓದು ಅಲ್ಲಿಗೇ ಮುಗಿಯಿತು: ಕೋಡ್ ಓಡುತ್ತದೆ, ತಪ್ಪೆಂದು ಯಾರೂ ಕೂಗುವುದಿಲ್ಲ, ಟೇಬಲ್ 7ರ ಇಡ್ಲಿ ಎರಡೇ ಪ್ಲೇಟಿನಲ್ಲಿ ನಿಂತಿರುತ್ತದೆ.